ಒಪಿ ಚೀಟಿಯಿಂದಲೇ ಶುರುಮಾಡಿ: ಟ್ರಾನ್ಸ್ ಮಹಿಳೆಯರಿಗೆ ಎಚ್‌ಐವಿ ಸೇವೆ ತಲುಪಬೇಕಾದರೆ

ಮಂಗಳೂರಿನ ವೆನ್‌ಲಾಕ್‌ನಲ್ಲಿ, ಉಡುಪಿ ಅಜ್ಜರಕಾಡಿನ ಜಿಲ್ಲಾಸ್ಪತ್ರೆಯಲ್ಲಿ ಎಚ್‌ಐವಿ ಪರೀಕ್ಷೆ ಉಚಿತ. ಪಾಸಿಟಿವ್ ಬಂದರೆ ವೈರಸ್ ಹತೋಟಿಯಲ್ಲಿಡುವ ಎಆರ್‌ಟಿ ಮಾತ್ರೆಯೂ ಉಚಿತ. ಸೇವೆ ಉಂಟು, ಟ್ರಾನ್ಸ್ ಮಹಿಳೆಯರಿಗೆ, ಅಂದರೆ ಹುಟ್ಟಿದಾಗ ಗಂಡು ಎಂದು ದಾಖಲಾಗಿ ಹೆಣ್ಣಾಗಿ ಬಾಳುವವರಿಗೆ, ಅದರ ತನಕ ಹೋಗುವ ದಾರಿಯೇ ಕಷ್ಟ. ಗೇಟಿನಿಂದ ಲ್ಯಾಬಿನವರೆಗೆ ನಾಲ್ಕೈದು ಕಡೆ ಅವಮಾನ ಕಾದಿದೆ ಎಂದು ಗೊತ್ತಿದ್ದರೆ ಯಾರೂ ಎರಡನೇ ಸಲ ಬರುವುದಿಲ್ಲ. 2017ರ ರಾಷ್ಟ್ರೀಯ ಕಣ್ಗಾವಲು ಸಮೀಕ್ಷೆಯಲ್ಲಿ ಹಿಜ್ರಾ ಮತ್ತು ಟ್ರಾನ್ಸ್‌ಜೆಂಡರ್ ಸಮುದಾಯದಲ್ಲಿ ಎಚ್‌ಐವಿ ಪ್ರಮಾಣ ಶೇ. 3.14 ಇತ್ತು, ಅದೇ ವರ್ಷ ದೇಶದ ವಯಸ್ಕರಲ್ಲಿ ಅಂದಾಜು ಶೇ. 0.22. ಡಿಸೆಂಬರ್ 1ರ ಏಡ್ಸ್ ದಿನದ ಜಾಥಾದಿಂದ ಈ ಅಂತರ ಕಡಿಮೆಯಾಗದು. ಆಸ್ಪತ್ರೆ, ಕ್ಲಿನಿಕ್ ನಡೆಸುವವರು ಒಂದೊಂದು ಹಂತವನ್ನೂ ಸರಿಮಾಡಬೇಕು.

ಮೊದಲು ಚೀಟಿ ಕೌಂಟರ್. ಆಧಾರ್‌ನಲ್ಲಿ ಗಂಡು ಹೆಸರು, ಎದುರಿಗೆ ನಿಂತವರು ಸೀರೆಯಲ್ಲಿ. ಆ ಹೆಸರನ್ನು ತುಂಬಿದ ಹಾಲ್‌ನಲ್ಲಿ ಕೂಗಿದರೆ ಎಲ್ಲರ ತಲೆ ಒಟ್ಟಿಗೆ ತಿರುಗುತ್ತದೆ. ಅವರು ಎದ್ದು ಹೊರಗೆ ನಡೆಯುತ್ತಾರೆ, ರಿಜಿಸ್ಟರಿನಲ್ಲಿ ‘ಗೈರು’ ಎಂದು ಬೀಳುತ್ತದೆ. ಇದಕ್ಕೆ ಮದ್ದು ಸುಲಭ: ಎಲ್ಲರನ್ನೂ ಟೋಕನ್ ನಂಬರಿನಿಂದಲೇ ಕರೆಯಿರಿ. ಅವರಿಗೆ ಮಾತ್ರ ನಂಬರ್ ಕೊಟ್ಟರೆ ಅದೇ ಇನ್ನೊಂದು ಗುರುತಾಗುತ್ತದೆ. ‘ನಿಮ್ಮನ್ನು ಏನೆಂದು ಕರೆಯಲಿ?’ ಎಂದು ಮೆಲ್ಲಗೆ ಕೇಳಿ, ಆ ಹೆಸರನ್ನು ಚೀಟಿಯ ಮೇಲ್ತುದಿಯಲ್ಲಿ ಪೆನ್ಸಿಲಿನಲ್ಲಿ ಬರೆದರೆ ಮುಂದಿನ ಕೋಣೆಯವರಿಗೂ ತಿಳಿಯುತ್ತದೆ. ಐಸಿಟಿಸಿಯ (ಆಸ್ಪತ್ರೆಯ ಎಚ್‌ಐವಿ ಸಲಹೆ, ಪರೀಕ್ಷಾ ಕೇಂದ್ರದ) ರಿಜಿಸ್ಟರಿನಲ್ಲಿ ಲಿಂಗದ ಕಾಲಂನಲ್ಲಿ ಟಿಜಿ (ಟ್ರಾನ್ಸ್‌ಜೆಂಡರ್) ಎಂದು ಬರೆಯಲು ಜಾಗ ಇದೆ. ಮುಖ ನೋಡಿ ತುಂಬಬೇಡಿ, ಕೇಳಿ ತುಂಬಿ.

ಸೆಕ್ಯುರಿಟಿಯವರನ್ನೂ ಆಯಾಗಳನ್ನೂ ತರಬೇತಿಯಿಂದ ಬಿಡುವುದು ದೊಡ್ಡ ತಪ್ಪು. ವೈದ್ಯರಿಗೆ ಎರಡು ದಿನ ಕಾರ್ಯಾಗಾರ ಮಾಡಿ, ಗೇಟಿನವರನ್ನು ಮರೆತರೆ ದುಡ್ಡು ದಂಡ. ‘ಇಲ್ಲಿ ಭಿಕ್ಷೆ ಬೇಡಬೇಡಿ’ ಎಂದು ತಡೆಯುವವರು, ಗಂಡಸರ ಕ್ಯೂಗೆ ತಳ್ಳುವವರು ಅವರೇ. ಅವರಿಗೆ ಒಂದೂವರೆ ಗಂಟೆ ಸಾಕು, ಆದರೆ ಪಾಠ ಮಾಡುವವರು ಟ್ರಾನ್ಸ್ ಮಹಿಳೆಯರೇ ಆಗಿರಲಿ, ಅವರಿಗೆ ಉಳಿದ ತರಬೇತುದಾರರಷ್ಟೇ ಸಂಭಾವನೆ ಇರಲಿ. ಕರಾವಳಿಯಲ್ಲಿ ಭಾಷೆಯ ಸಂಗತಿಯೂ ಇದೆ: ಸಿಬ್ಬಂದಿ ತಮ್ಮೊಳಗೆ ತುಳುವಿನಲ್ಲಿ ಮಾತಾಡಿ ನಕ್ಕರೆ, ಉತ್ತರ ಕರ್ನಾಟಕದಿಂದ ಬಂದವರಿಗೆ ಅರ್ಥವಾಗದಿದ್ದರೂ ನಗು ಯಾರ ಮೇಲೆ ಎಂಬುದು ಚೆನ್ನಾಗಿ ಗೊತ್ತಾಗುತ್ತದೆ.

ವೈದ್ಯರ ಕೋಣೆಯಲ್ಲಿ ಕೇಳಬೇಕಾದದ್ದು ಗುರುತಿನ ಬಗ್ಗೆ ಅಲ್ಲ, ಅಪಾಯದ ಬಗ್ಗೆ. ‘ಆಪರೇಷನ್ ಆಗಿದೆಯಾ, ಯಾಕೆ ಹೀಗಾದಿರಿ’ ಎಂಬುದಕ್ಕೂ ಎಚ್‌ಐವಿ ಪರೀಕ್ಷೆಗೂ ಸಂಬಂಧವಿಲ್ಲ. ಕಾಂಡೋಮ್ ಇಲ್ಲದೆ ಗುದ ಅಥವಾ ಬಾಯಿಯ ಸಂಪರ್ಕ ಆಗಿದೆಯೇ, ಕೊನೆಯದು ಯಾವಾಗ, ಗುದದಲ್ಲಿ ನೋವು, ಸ್ರಾವ, ಹುಣ್ಣು ಇದೆಯೇ, ಹಾರ್ಮೋನ್ ಇಂಜೆಕ್ಷನ್‌ಗೆ ಸೂಜಿ ಹಂಚಿಕೊಂಡಿದ್ದೀರಾ: ಇಷ್ಟನ್ನು ನೇರವಾಗಿ, ತಲೆ ತಗ್ಗಿಸದೆ ಕೇಳಿ. ಗುದದ ಲಕ್ಷಣಗಳನ್ನು ಕೇಳದೇ ಬಿಟ್ಟರೆ ಸಿಫಿಲಿಸ್, ಗೊನೊರಿಯಾದಂಥ ಲೈಂಗಿಕ ರೋಗಗಳು ಅಲ್ಲೇ ಉಳಿದು ಎಚ್‌ಐವಿ ಹರಡುವುದು ಸುಲಭವಾಗುತ್ತದೆ. ಮೆಡಿಕಲ್ ಕಾಲೇಜುಗಳೇ ತುಂಬಿರುವ ಊರುಗಳಿವು. ಪರದೆ ಎಳೆದ ಮೇಲೂ ‘ನೋಡಿ ಕಲಿಯಿರಿ’ ಎಂದು ಹತ್ತು ವಿದ್ಯಾರ್ಥಿಗಳನ್ನು ಒಳಗೆ ಕರೆಯುವುದು ನಿಲ್ಲಬೇಕು. ಒಪ್ಪಿಗೆಯನ್ನು ವಿದ್ಯಾರ್ಥಿಗಳು ಒಳಗೆ ಬರುವ ಮೊದಲೇ ಕೇಳಿ. ಎದುರಿಗೇ ನಿಲ್ಲಿಸಿಕೊಂಡು ಕೇಳಿದರೆ ಬೇಡ ಎನ್ನಲು ಯಾರಿಗೂ ಬಾಯಿ ಬರುವುದಿಲ್ಲ.

ಎಚ್‌ಐವಿ ಇರುವವರ ಕಡತದ ಮೇಲೆ ಕೆಂಪು ಸ್ಟಿಕ್ಕರ್, ಮಂಚಕ್ಕೆ ಬೋರ್ಡು, ಎರಡು ಜೊತೆ ಗ್ಲೌಸ್: ಇವು ಯಾರನ್ನೂ ಕಾಪಾಡುವುದಿಲ್ಲ. ಪರೀಕ್ಷೆ ಮಾಡಿಸದ ರೋಗಿಯ ರಕ್ತದಲ್ಲೂ ವೈರಸ್ ಇರಬಹುದು, ಆದ್ದರಿಂದ ಎಲ್ಲರಿಗೂ ಒಂದೇ ಮುನ್ನೆಚ್ಚರಿಕೆ. ಸೋಂಕಿತ ಸೂಜಿ ಚುಚ್ಚಿದರೂ ಹರಡುವ ಸಂಭವ ಸುಮಾರು ಶೇ. 0.3. ಈ ಅಂಕಿಯನ್ನು ನರ್ಸ್‌ಗಳಿಗೆ ಮೊದಲೇ ಹೇಳಿ. ತಾರತಮ್ಯದ ಬಹುಪಾಲು ಹುಟ್ಟುವುದು ಹೆದರಿಕೆಯಿಂದ.

ಕಾಂಡೋಮ್ ಪೆಟ್ಟಿಗೆಯನ್ನು ಕೌಂಟರ್ ಎದುರು ಇಟ್ಟರೆ ಯಾರೂ ಮುಟ್ಟುವುದಿಲ್ಲ. ಶೌಚಾಲಯದ ಒಳಗೋ ಕೌನ್ಸೆಲರ್ ಕೋಣೆಯಲ್ಲೋ ಇಡಿ. ಜೊತೆಗೆ ನೀರು ಆಧಾರಿತ ಲ್ಯೂಬ್ (ಜಾರಿಕೆಯ ಜೆಲ್) ಇರಲೇಬೇಕು. ನಮ್ಮ ಕಡೆ ಲ್ಯೂಬ್ ಇಲ್ಲದಿದ್ದರೆ ಕೈಗೆ ಸಿಗುವುದು ತೆಂಗಿನೆಣ್ಣೆ. ಎಣ್ಣೆ, ವ್ಯಾಸಲೀನ್ ತಾಗಿದ ಲೇಟೆಕ್ಸ್ ಕೆಲವೇ ನಿಮಿಷಗಳಲ್ಲಿ ಬಲ ಕಳೆದುಕೊಂಡು ಹರಿಯುತ್ತದೆ. ‘ಕಾಂಡೋಮ್ ಹಾಕಿದರೂ ಒಡೆಯಿತು’ ಎಂಬ ದೂರು ಬಂದರೆ ಮೊದಲು ಕೇಳಬೇಕಾದ ಪ್ರಶ್ನೆ: ‘ಏನು ಹಚ್ಚಿದ್ದಿರಿ?’ ಪೊಲೀಸರು ಚೀಲ ಹುಡುಕಿ ಕಾಂಡೋಮನ್ನೇ ಸಾಕ್ಷಿ ಎನ್ನುವ ಭಯ ಇದ್ದರೆ ಯಾರೂ ಅದನ್ನು ಒಯ್ಯುವುದಿಲ್ಲ. 2017ರ ಎಚ್‌ಐವಿ ಕಾಯ್ದೆ ಅಪಾಯ ತಗ್ಗಿಸುವ ಕ್ರಮಗಳಿಗೆ ರಕ್ಷಣೆ ಕೊಟ್ಟಿದೆ. ಠಾಣೆಯಲ್ಲಿ ಕುಳಿತು ಇದನ್ನು ವಿವರಿಸುವುದೂ ತಡೆಗಟ್ಟುವ ಕೆಲಸವೇ.

ಕಾಂಡೋಮ್ ಒಡೆದರೆ ಅಥವಾ ಬಲಾತ್ಕಾರ ನಡೆದರೆ ಪೆಪ್, ಅಂದರೆ ಸಂಪರ್ಕದ ನಂತರ ಸೋಂಕು ತಡೆಯುವ ಮಾತ್ರೆ, 72 ಗಂಟೆಯೊಳಗೆ ಶುರುವಾಗಬೇಕು, ಬೇಗನಾದಷ್ಟೂ ಒಳ್ಳೆಯದು, 28 ದಿನ ತಪ್ಪಬಾರದು. ಕ್ಯಾಶುವಾಲ್ಟಿಯಲ್ಲಿ ‘ಮೊದಲು ಕೇಸ್ ಕೊಟ್ಟು ಬನ್ನಿ’ ಎಂದು ಕಳಿಸಿದರೆ ಗಂಟೆಗಳು ಹೋಗುತ್ತವೆ. ಅಪಾಯ ಮತ್ತೆ ಮತ್ತೆ ಇರುವವರಿಗೆ ಪ್ರೆಪ್, ಅಂದರೆ ಸಂಪರ್ಕಕ್ಕೆ ಮೊದಲೇ ನುಂಗುವ ತಡೆ ಮಾತ್ರೆ, ಉಂಟು. ಶುರುವಿಗೆ ಮೊದಲು ಎಚ್‌ಐವಿ, ಹೆಪಟೈಟಿಸ್ ಬಿ, ಕಿಡ್ನಿಯ ಪರೀಕ್ಷೆ ಆಗಬೇಕು, ಆಮೇಲೆ ಮೂರು ತಿಂಗಳಿಗೊಮ್ಮೆ ಎಚ್‌ಐವಿ ಪರೀಕ್ಷೆ. ಹೆಚ್ಚಿನವರ ಭಯ ಒಂದೇ: ‘ಹಾರ್ಮೋನ್ ಕೆಲಸ ಕೆಡುತ್ತದಾ?’ ಪ್ರೆಪ್ ಹಾರ್ಮೋನನ್ನು ಕೆಡಿಸುವುದಿಲ್ಲ ಎಂದು ಅವರು ಕೇಳುವ ಮೊದಲೇ ಹೇಳಿ. ಹಾರ್ಮೋನ್ ತೆಗೆದುಕೊಳ್ಳುವವರು ಸಂಪರ್ಕದ ದಿನಕ್ಕೆ ಮಾತ್ರ ಪ್ರೆಪ್ ನುಂಗುವ ಕ್ರಮ ಬಿಟ್ಟು ದಿನಾ ಒಂದು ಮಾತ್ರೆ ತೆಗೆದುಕೊಳ್ಳಬೇಕು. ರಕ್ಷಣೆಗೆ ಕನಿಷ್ಠ 7 ದಿನ ಬೇಕು.

ಕಳಂಕ ಜಮಾತ್‌ನ, ಅಂದರೆ ಗುರು ಮತ್ತು ಚೇಲಾಗಳು (ಶಿಷ್ಯೆಯರು) ಒಟ್ಟಿಗೆ ಬಾಳುವ ಹಿಜ್ರಾ ಮನೆತನದ, ಒಳಗೂ ಇದೆ. ಪಾಸಿಟಿವ್ ಎಂದು ತಿಳಿದರೆ ಚೇಲಾಗೆ ಮನೆಯೇ ತಪ್ಪಬಹುದು. ಆದ್ದರಿಂದ ಗುರು ಜೊತೆಗೆ ಬಂದಿದ್ದರೂ, ಅವರೇ ಖರ್ಚು ಕೊಟ್ಟಿದ್ದರೂ, ಫಲಿತಾಂಶ ಒಬ್ಬರಿಗೇ, ಬಾಗಿಲು ಹಾಕಿ. ಮಾತ್ರೆ ಎಲ್ಲಿ ಇಡುತ್ತೀರಿ ಎಂದು ಅಂದೇ ಮಾತಾಡಿ; ಒಂದು ವಾರದಷ್ಟನ್ನು ಸಣ್ಣ ಗಾಳಿಯಾಡದ ಡಬ್ಬಿಗೆ ಹಾಕಿಕೊಂಡರೆ ದೊಡ್ಡ ಬಾಟಲಿಯ ಸದ್ದೂ ಇಲ್ಲ, ಮಳೆಗಾಲದ ತೇವವೂ ಇಲ್ಲ. ಮಾತ್ರೆ ತಪ್ಪದೆ ವೈರಲ್ ಲೋಡ್ (ರಕ್ತದಲ್ಲಿನ ವೈರಸ್ ಪ್ರಮಾಣ) ಪತ್ತೆಯಾಗದ ಮಟ್ಟಕ್ಕಿಳಿದು ಅಲ್ಲೇ ನಿಂತರೆ ಲೈಂಗಿಕ ಸಂಪರ್ಕದಿಂದ ಇನ್ನೊಬ್ಬರಿಗೆ ಹರಡುವುದಿಲ್ಲ. ಇದನ್ನು ಗುರುಗಳ ಸಭೆಯಲ್ಲಿ, ಯಾರ ಹೆಸರೂ ಎತ್ತದೆ ಹೇಳಿದರೆ ಮನೆಯೊಳಗಿನ ಹೆದರಿಕೆ ಇಳಿಯುತ್ತದೆ.

20 ಅಥವಾ ಹೆಚ್ಚು ಜನ ಕೆಲಸ ಮಾಡುವ ಆಸ್ಪತ್ರೆಯಲ್ಲಿ ದೂರು ಅಧಿಕಾರಿ ಇರಬೇಕೆಂದು 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿರುವ ಅದೇ ಎಚ್‌ಐವಿ ಕಾಯ್ದೆ ಹೇಳುತ್ತದೆ. ಅವರ ಹೆಸರು, ಫೋನ್ ನಂಬರ್ ಚೀಟಿ ಕೌಂಟರ್ ಪಕ್ಕದ ಗೋಡೆಯಲ್ಲಿರಲಿ, ಕೆಳಗೆ ಉಚಿತ ಸಹಾಯವಾಣಿ 1097 ಬರೆಯಿರಿ.

ಕೆಲಸ ಸರಿಯಾಗುತ್ತಿದೆಯೇ ಎಂದು ತಿಳಿಯಲು ತಿಂಗಳಿಗೊಮ್ಮೆ, ಹೆಸರಿಲ್ಲದೆ, ನಾಲ್ಕು ಸಂಖ್ಯೆ ಪಕ್ಕಪಕ್ಕ ಬರೆಯಿರಿ: ಸಮುದಾಯದ ಕಾರ್ಯಕರ್ತೆ ಕಳಿಸಿದವರು, ರಕ್ತ ಕೊಟ್ಟವರು, ಫಲಿತಾಂಶ ಪಡೆದವರು, ಆರು ತಿಂಗಳ ಪರೀಕ್ಷೆಗೆ ಮತ್ತೆ ಬಂದವರು. ಮೊದಲೆರಡರ ನಡುವೆ ಕುಸಿದಿದ್ದರೆ ಗೇಟು, ಕೌಂಟರ್, ಸಮಯ ನೋಡಿ; ರಾತ್ರಿ ದುಡಿಯುವವರಿಗೆ ಬೆಳಗ್ಗಿನ ಒಪಿ ಆಗದು, ವಾರಕ್ಕೊಂದು ಸಂಜೆ ತೆರೆದಿಡಿ. ಎರಡು-ಮೂರರ ನಡುವೆ ಕುಸಿದಿದ್ದರೆ ಕೌನ್ಸೆಲರ್ ಕೋಣೆಯ ಬಾಗಿಲು ಮುಚ್ಚುತ್ತದೆಯೇ, ಮಾತು ಹೊರಗೆ ಕೇಳುತ್ತದೆಯೇ ಎಂದು ಬೆಂಚಿನಲ್ಲಿ ಕುಳಿತು ಪರೀಕ್ಷಿಸಿ. ನಾಲ್ಕನೆಯದೇ ಕುಸಿದಿದ್ದರೆ, ಬಾರದವರನ್ನು ಕಾರ್ಯಕರ್ತೆಯ ಮೂಲಕ ಕೇಳಿಸಿ. ಏನಾಯಿತು ಎಂದು ಅವರು ನಿಮ್ಮ ಮುಖಕ್ಕೆ ಹೇಳಲಾರರು, ಕಾರ್ಯಕರ್ತೆಗೆ ಹೇಳುತ್ತಾರೆ.