ಕಟ್ಟು ನಮಗೆ, ಕಾಳು ದನಕ್ಕೆ: ಪ್ರೋಟೀನ್ ಡಬ್ಬಿ ಕೊಳ್ಳುವ ಮೊದಲು ಮಾಡಬೇಕಾದ ಲೆಕ್ಕ

ಹೋದ ಮಳೆಗಾಲದ ಶುರುವಿನಲ್ಲಿ ಅಕ್ಕನ ಮಗ ಫೋನ್ ಮಾಡಿದ. ಹೊಸನಗರದ ಕಡೆಯ ಹುಡುಗ, ಶಿವಮೊಗ್ಗದಲ್ಲಿ ರೂಮ್ ಮಾಡಿಕೊಂಡು ಡಿಗ್ರಿ ಓದುತ್ತಿದ್ದಾನೆ. "ಮಾವ, ಜಿಮ್‌ಗೆ ಸೇರಿ ಎರಡು ತಿಂಗಳಾಯ್ತು. ಪ್ರೋಟೀನ್ ಪುಡಿ ತಗೊಳ್ಳದೆ ಮೈ ಬರಲ್ಲ ಅಂತಿದ್ದಾರೆ. ಒಂದು ಡಬ್ಬಿ ಕೊಡಿಸ್ತೀರಾ?" ಎಷ್ಟಪ್ಪಾ ಅಂದೆ. ಎರಡು ಸಾವಿರದ ನಾನೂರು ಅಂದ. ರೂಮ್ ಬಾಡಿಗೆಯಲ್ಲಿ ಅವನ ಪಾಲಿಗಿಂತ ಜಾಸ್ತಿ ಅದು. ನಾನು ಇಲ್ಲ ಅನ್ನಲಿಲ್ಲ, ಹೂಂ ಅಂತಲೂ ಅನ್ನಲಿಲ್ಲ. "ಮೂರು ದಿನ ತಿಂದದ್ದೆಲ್ಲ ಬರೆದಿಡು, ಭಾನುವಾರ ಮನೆಗೆ ಬಾ" ಅಂದೆ.

ಬೆಳಿಗ್ಗೆ ನೆಹರೂ ಕ್ರೀಡಾಂಗಣದಲ್ಲಿ ಸುತ್ತು ಹಾಕುವವರೂ ಇದನ್ನೇ ಕೇಳುತ್ತಾರೆ, ಆಫೀಸ್ ಮುಗಿಸಿ ಜಿಮ್‌ಗೆ ಹೋಗುವ ನನ್ನ ವಯಸ್ಸಿನವರೂ ಕೇಳುತ್ತಾರೆ. ಅವನಿಗೆ ಆ ಭಾನುವಾರ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ನೀವು ಎಂಥ ವ್ಯಾಯಾಮ ಮಾಡುತ್ತೀರಿ ಅನ್ನೋದನ್ನು ಸರಿಯಾಗಿ ಗುರುತಿಸಿಕೊಳ್ಳಿ. ಆರೋಗ್ಯವಂತ ವಯಸ್ಕರಿಗೆ ದಿನಕ್ಕೆ ದೇಹದ ತೂಕದ ಪ್ರತಿ ಕಿಲೋಗೆ 0.83 ಗ್ರಾಂ ಪ್ರೋಟೀನ್ ಬೇಕು ಅಂತ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2020ರಲ್ಲಿ ಹೇಳಿದೆ. 60 ಕಿಲೋ ಇರುವವರಿಗೆ 50 ಗ್ರಾಂ ಆಯಿತು. ದಿನಾ ಮುಕ್ಕಾಲು ಗಂಟೆ ನಡೆಯುವುದು, ಯೋಗ, ಸಂಜೆ ಸ್ವಲ್ಪ ಶಟಲ್, ಇಷ್ಟೇ ಆದರೆ ಈ ಲೆಕ್ಕಕ್ಕೆ ಹತ್ತು ಗ್ರಾಂ ಸೇರಿಸಿದರೆ ಧಾರಾಳ. ನಿಮಗೆ ಪುಡಿ ಬೇಡ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ವಾಕಿಂಗ್ ಮಾಡುವ ಎಷ್ಟೋ ಜನ ಡಬ್ಬಿ ತಂದು ದಿನಾ ಎರಡು ಸ್ಕೂಪ್ (ಡಬ್ಬಿಯ ಜೊತೆ ಬರುವ ಅಳತೆ ಚಮಚ) ಕುಡಿದು, ತೂಕ ಇಳಿಯುತ್ತಿಲ್ಲ ಅಂತ ಬೇಜಾರು ಮಾಡಿಕೊಳ್ಳುತ್ತಾರೆ. ಪ್ರೋಟೀನ್‌ನಲ್ಲೂ ಗ್ರಾಂಗೆ ನಾಲ್ಕು ಕ್ಯಾಲೊರಿ ಇದೆ.

ವಾರಕ್ಕೆ ಮೂರು ನಾಲ್ಕು ದಿನ ಭಾರ ಎತ್ತುವವರ ಲೆಕ್ಕ ಬೇರೆ. ಅವರಿಗೆ ಕಿಲೋಗೆ 1.2ರಿಂದ 1.6 ಗ್ರಾಂ. 1.6 ಅನ್ನೋ ಗಡಿ ಸುಮ್ನೆ ಬಂದದ್ದಲ್ಲ. 2018ರಲ್ಲಿ 49 ಅಧ್ಯಯನಗಳನ್ನು, ಅಂದರೆ 1,863 ಜನರ ಫಲಿತಾಂಶವನ್ನು ಒಟ್ಟಿಗೆ ಹಾಕಿ ನೋಡಿದರು. ಸುಮಾರು 1.6 ಗ್ರಾಂ ದಾಟಿದ ಮೇಲೆ ಎಷ್ಟು ತಿಂದರೂ ಸ್ನಾಯುವಿಗೆ ಹೆಚ್ಚಿನ ಲಾಭ ಕಾಣಲಿಲ್ಲ. ಇನ್ನೊಂದು ವಿಷಯ ಇದೆ, ಅದನ್ನು ಡಬ್ಬಿ ಮಾರುವವರು ಯಾರೂ ಹೇಳಲ್ಲ. ಭಾರ ಎತ್ತುವವರಲ್ಲೇ ಹೆಚ್ಚುವರಿ ಪ್ರೋಟೀನ್ ತೆಗೆದುಕೊಂಡವರಿಗೂ ತೆಗೆದುಕೊಳ್ಳದವರಿಗೂ ಕೊಬ್ಬು ಬಿಟ್ಟು ಉಳಿದ ತೂಕದಲ್ಲಿ ಬಂದ ವ್ಯತ್ಯಾಸ ಸರಾಸರಿ 300 ಗ್ರಾಂ ಆಸುಪಾಸು. ಅಷ್ಟೇ. ಮೈ ಕಟ್ಟುವ ಕೆಲಸದ ಬಹುಪಾಲನ್ನು ವ್ಯಾಯಾಮವೇ ಮಾಡುತ್ತದೆ. ನೀರು ಬಿಡದ ಅಡಿಕೆ ತೋಟಕ್ಕೆ ಗೊಬ್ಬರ ಹೊತ್ತು ಹಾಕಿ ಏನು ಸಿಗುತ್ತದೆ ಹೇಳಿ? ವಾರಕ್ಕೆ ಒಂದು ದಿನ ಜಿಮ್‌ಗೆ ಹೋಗಿ ದಿನಾ ಪುಡಿ ಕುಡಿಯುವುದೂ ಹಾಗೆಯೇ.

ಈಗ ಮೂರು ದಿನದ ಪಟ್ಟಿ. ಇದನ್ನು ತಪ್ಪಿಸಿಕೊಳ್ಳಬೇಡಿ. ಮೊಬೈಲ್‌ನಲ್ಲೋ ಹಳೇ ನೋಟ್‌ಬುಕ್‌ನಲ್ಲೋ ತಿಂದದ್ದನ್ನೆಲ್ಲ ಬರೆಯಿರಿ. ಅದರಲ್ಲಿ ಒಂದು ದಿನ ಭಾನುವಾರ ಇರಲಿ. ಅಡುಗೆಮನೆಗೆ ಮುನ್ನೂರು ನಾನೂರು ರೂಪಾಯಿಯ ಒಂದು ಸಣ್ಣ ತೂಕದ ಯಂತ್ರ ತನ್ನಿ, ಡಬ್ಬಿಗಿಂತ ಅದು ಹೆಚ್ಚು ಕೆಲಸಕ್ಕೆ ಬರುತ್ತದೆ. ನಾನು ನನ್ನದೇ ಪಟ್ಟಿ ಮಾಡಿದಾಗ ಕಂಡದ್ದು ಇದು. ಬೆಳಿಗ್ಗೆ ಎರಡು ಅಕ್ಕಿ ರೊಟ್ಟಿ, ಕಾಯಿ ಚಟ್ನಿ, ಹತ್ತು ಗ್ರಾಂ. ಎರಡು ಹೊತ್ತಿನ ಕಾಫಿಯ ಹಾಲು ಮೂರು ಗ್ರಾಂ. ಮಧ್ಯಾಹ್ನ ಅನ್ನ, ತೊಗರಿಬೇಳೆ ಸಾರು, ಪಲ್ಯ, ಮಜ್ಜಿಗೆ ಎಲ್ಲ ಸೇರಿ ಹದಿನೆಂಟು. ಸಂಜೆ ಮಂಡಕ್ಕಿ ನಾಲ್ಕು. ರಾತ್ರಿ ಮತ್ತೆ ಅನ್ನ ಸಾರು, ಹನ್ನೆರಡು ಹದಿಮೂರು. ಒಟ್ಟು 48 ಗ್ರಾಂ. ನನ್ನ ತೂಕ 68 ಕಿಲೋ. ಭಾರ ಎತ್ತುವವನಿಗೆ ಬೇಕಾದ ಕನಿಷ್ಠ ಲೆಕ್ಕ ಹಿಡಿದರೂ 82 ಗ್ರಾಂ ಬೇಕು. ವ್ಯಾಯಾಮವೇ ಮಾಡದೆ ಸುಮ್ನೆ ಕೂತರೂ 56 ಬೇಕು, ಅದೂ ಇರಲಿಲ್ಲ.

ಹಾಗಾಗಿ "ಮನೆ ಊಟ ಇದ್ದರೆ ಎಲ್ಲ ಸಾಕು" ಅನ್ನುವ ಮಾತನ್ನೂ ನಾನು ಪೂರ್ತಿ ಒಪ್ಪಲ್ಲ. ನಮ್ಮ ಮಲೆನಾಡಿನ ತಟ್ಟೆ ಅಕ್ಕಿಯ ಮೇಲೆ ನಿಂತಿದೆ. ಕಡುಬು, ರೊಟ್ಟಿ, ಒತ್ತು ಶಾವಿಗೆ, ಗಂಜಿ, ಎಲ್ಲ ಅಕ್ಕಿಯೇ. ಗದ್ದೆ ಕೆಲಸ ಮಾಡುವ ಕಾಲಕ್ಕೆ ಹೊಟ್ಟೆ ತುಂಬಾ ಉಣ್ಣುತ್ತಿದ್ದರು, ಅಷ್ಟು ಅನ್ನದಲ್ಲಿ ಪ್ರೋಟೀನೂ ಒಂದಿಷ್ಟು ಸೇರುತ್ತಿತ್ತು. ನಾವು ಅನ್ನ ಕಡಿಮೆ ಮಾಡಿದೆವು, ಅದರ ಜಾಗಕ್ಕೆ ಕಾಳು ತರಲಿಲ್ಲ.

ಕಾಳು ಅಂದಾಗ ಹುರುಳಿ ಕಟ್ಟಿನ ಸಾರಿನ ವಿಷಯ ಹೇಳಲೇಬೇಕು. ಊರಲ್ಲಿ ಅಮ್ಮ ದೊಡ್ಡ ಪಾತ್ರೆಯಲ್ಲಿ ಹುರುಳಿ ಬೇಯಿಸುತ್ತಿದ್ದರು. ಬೆಂದ ಮೇಲೆ ಕಪ್ಪು ಕೆಂಪು ಬಣ್ಣದ ಕಟ್ಟನ್ನು ಬಸಿದು ಬೆಳ್ಳುಳ್ಳಿ, ಜೀರಿಗೆ, ಸೂಜಿ ಮೆಣಸು ಹಾಕಿ ಕುದಿಸಿ ಕುದಿಸಿ ಸಾರು ಮಾಡುತ್ತಿದ್ದರು. ಜಿಟಿಜಿಟಿ ಮಳೆಯಲ್ಲಿ ಆ ಸಾರು, ಬಿಸಿ ಅನ್ನ, ಮೇಲೊಂದು ಚಮಚ ತುಪ್ಪ, ಬೇರೆ ಏನೂ ಬೇಡ. ಬೆಂದ ಕಾಳು? ಅದು ಅಕ್ಕಚ್ಚಿನ ಬಕೆಟ್‌ಗೆ ಹೋಗುತ್ತಿತ್ತು, ಅಲ್ಲಿಂದ ಕೊಟ್ಟಿಗೆಗೆ. ಹಾಲು ಕೊಡುವ ಹಸು, ಗದ್ದೆ ಉಳುವ ಎತ್ತು, ಅವುಗಳ ಮೈಗೆ ಬಲ ಬೇಕಲ್ವಾ. ನೂರು ಗ್ರಾಂ ಒಣ ಹುರುಳಿಯಲ್ಲಿ ಸುಮಾರು 22 ಗ್ರಾಂ ಪ್ರೋಟೀನ್ ಇದೆ, ಅದರ ಬಹುಪಾಲು ಉಳಿಯುವುದು ಕಾಳಲ್ಲೇ. ರುಚಿ ನಮ್ಮ ತಟ್ಟೆಗೆ ಬಂತು, ಪ್ರೋಟೀನ್ ಕೊಟ್ಟಿಗೆಗೆ ಹೋಯಿತು. ಈಗ ಪೇಟೆಯ ಮನೆಯಲ್ಲಿ ಕೊಟ್ಟಿಗೆ ಇಲ್ಲ, ಆದರೂ ಕಟ್ಟು ಬಸಿದು ಕಾಳನ್ನು ಚೆಲ್ಲುವ ಮನೆಗಳನ್ನು ನೋಡಿದ್ದೇನೆ. ದಯವಿಟ್ಟು ಚೆಲ್ಲಬೇಡಿ.

ಆ ಭಾನುವಾರ ಅಳಿಯನ ಎದುರೇ ಮಾಡಿ ತೋರಿಸಿದೆ. ಸ್ಟೀಲ್ ಬಟ್ಟಲನ್ನು ಯಂತ್ರದ ಮೇಲಿಟ್ಟು ಸೊನ್ನೆಗೆ ತಂದು, 50 ಗ್ರಾಂ ಬರುವವರೆಗೆ ಹುರುಳಿ ಸುರಿದೆ. ಒಂದು ಹಿಡಿಗೆ ಸ್ವಲ್ಪ ಜಾಸ್ತಿ, ಅಷ್ಟೇ. ಹಿಂದಿನ ರಾತ್ರಿಯೇ ಅಷ್ಟೇ ತೂಕದ್ದು ನೆನೆಹಾಕಿದ್ದೆ, ಅದನ್ನು ಕುಕ್ಕರ್‌ನಲ್ಲಿ ಕೂಗಿಸಿ, ಕಟ್ಟು ಸಾರಿಗೆ ತೆಗೆದು, ಕಾಳಿಗೆ ಸಾಸಿವೆ ಕರಿಬೇವಿನ ಒಗ್ಗರಣೆ ಕೊಟ್ಟು ಕಾಯಿತುರಿ ಉದುರಿಸಿ ಉಸಲಿ ಮಾಡಿದೆ. ಒಂದು ಬಟ್ಟಲು ತುಂಬಿತು. ಅವನು ತಿಂದು ಮುಗಿಸಿ, "ಇದರಲ್ಲಿ ಎಷ್ಟು ಮಾವ?" ಅಂದ. ಹತ್ತು ಗ್ರಾಂ ಹತ್ತಿರ. ಒಂದು ಸ್ಕೂಪ್ ಪುಡಿಯ ಅರ್ಧಕ್ಕೆ ಸ್ವಲ್ಪ ಕಡಿಮೆ, ಅಷ್ಟು ಹುರುಳಿಗೆ ಐದು ರೂಪಾಯಿ.

ಕೊರತೆ ತುಂಬುವುದು ಹೀಗೆ. 48ರಿಂದ 82ಕ್ಕೆ ಮುಟ್ಟಲು ನನಗೆ ಇನ್ನೂ 34 ಗ್ರಾಂ ಬೇಕಿತ್ತು. ಎರಡು ಮೊಟ್ಟೆ, 12. ರಾತ್ರಿ 250 ಮಿ.ಲೀ. ಹಾಲು, 8. ಉಸಲಿ, 10. ಒಂದು ಹಿಡಿ, ಅಂದರೆ 30 ಗ್ರಾಂ ಶೇಂಗಾ, 7. ಲೆಕ್ಕ ಮುಗಿದು ಮೇಲೆ ಮೂರು ಉಳಿಯಿತು. ಮೊಟ್ಟೆ ತಿನ್ನದ ಮನೆಯವರು ಸೋಯಾ ಚಂಕ್ಸ್ ತನ್ನಿ, ಒಣಗಿದ್ದು 30 ಗ್ರಾಂ ಹಾಕಿದರೆ 15 ಗ್ರಾಂ ಪ್ರೋಟೀನ್. ಇಷ್ಟು ಕಡಿಮೆ ಬೆಲೆಗೆ ಅಷ್ಟು ಕೊಡುವುದು ಬೇರೆ ಯಾವುದೂ ನನಗೆ ಗೊತ್ತಿಲ್ಲ. ಪನೀರ್ 100 ಗ್ರಾಂನಲ್ಲಿ 18 ಆಸುಪಾಸು, ಆದರೆ ಕೊಬ್ಬೂ ಜೊತೆಗೆ ಬರುತ್ತದೆ. ಮೀನು ತಿನ್ನುವವರಿಗೆ ಘಟ್ಟ ಹತ್ತಿ ಬರುವ ಬಂಗುಡೆ, ಬೂತಾಯಿ ಇದೆ, 100 ಗ್ರಾಂಗೆ ಹತ್ತಿರ ಹತ್ತಿರ 20. ಜೂನ್ ಜುಲೈನಲ್ಲಿ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯಲ್ಲ, ಆ ಎರಡು ತಿಂಗಳು ಕೋಳಿ ಮೊಟ್ಟೆಯೇ ಸರಿ. ಕಾಳಿನ ಪ್ರೋಟೀನ್ ಪೂರ್ಣ ಅಲ್ಲ ಅಂತ ಹೆದರಿಸುವವರಿದ್ದಾರೆ. ಪ್ರೋಟೀನ್ ಆಗಿರುವುದು ಅಮೈನೋ ಆಮ್ಲಗಳಿಂದ. ಅವುಗಳಲ್ಲಿ ಲೈಸಿನ್ ಅನ್ನೋದು ಅಕ್ಕಿಯಲ್ಲಿ ಕಡಿಮೆ, ಮೆಥಿಯೊನಿನ್ ಅನ್ನೋದು ಕಾಳಿನಲ್ಲಿ ಕಡಿಮೆ. ದಿನದಲ್ಲಿ ಎರಡನ್ನೂ ತಿಂದರೆ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ.

ಇಷ್ಟೆಲ್ಲ ಆದ ಮೇಲೂ ಪುಡಿ ಬೇಕಾಗುವವರು ಇದ್ದಾರೆ, ಅದನ್ನು ಮುಚ್ಚಿಡುವುದಿಲ್ಲ. 2024ರ ಮೇನಲ್ಲಿ ಐಸಿಎಂಆರ್ ಮತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಹೊರಡಿಸಿದ ಆಹಾರ ಮಾರ್ಗಸೂಚಿ, ಮೈ ಬೆಳೆಸಲು ಪ್ರೋಟೀನ್ ಪುಡಿ ಬೇಡ ಅಂತಲೇ ಹೇಳುತ್ತದೆ. ಹೆಚ್ಚಿನವರಿಗೆ ಆ ಮಾತು ಸರಿ. ಆದರೆ ಬೆಳಿಗ್ಗೆ ಐದೂವರೆಗೆ ಜಿಮ್ ಮುಗಿಸಿ ಏಳು ಗಂಟೆ ಬಸ್ಸಿಗೆ ಭದ್ರಾವತಿಗೆ ಓಡುವವರು, ಮೊಟ್ಟೆ ಮೀನು ಸೋಯಾ ಮೂರನ್ನೂ ಮುಟ್ಟದವರು, ಅರವತ್ತು ದಾಟಿ ಹಸಿವು ಕಡಿಮೆಯಾಗಿ ಎರಡು ತುತ್ತಿಗೆ ಸಾಕು ಅನ್ನುವವರು, ಇವರಿಗೆ ಅರ್ಧ ಅಥವಾ ಒಂದು ಸ್ಕೂಪ್ ಕೆಲಸಕ್ಕೆ ಬರುತ್ತದೆ. ವಯಸ್ಸಾದಂತೆ ಸ್ನಾಯು ಕರಗುತ್ತದೆ, ಅವರಿಗೆ ಕಿಲೋಗೆ 1ರಿಂದ 1.2 ಗ್ರಾಂ ಇರಲಿ ಅಂತ ತಜ್ಞರು ಹೇಳುತ್ತಾರೆ. ನನ್ನ ಕೇಳಿದರೆ ಇಪ್ಪತ್ತರ ಹುಡುಗನಿಗಿಂತ ಅವನ ಅಜ್ಜಿಗೇ ಅದರ ಉಪಯೋಗ ಜಾಸ್ತಿ.

ಡಬ್ಬಿಯ ಮೇಲೆ ವೇ (whey) ಅಂತ ಬರೆದಿರುತ್ತದಲ್ಲ, ಅದನ್ನು ಏನೋ ಔಷಧಿ ಅಂದುಕೊಳ್ಳಬೇಡಿ. ಹಾಲು ಒಡೆದಾಗ ಉಳಿಯುವ ತಿಳಿ ನೀರಿದೆಯಲ್ಲ, ಅದರಲ್ಲಿರುವ ಪ್ರೋಟೀನ್ ಅದು. ಚೀಸ್ ಮಾಡುವಾಗ ಸಿಗುವ ಆ ನೀರನ್ನು ಸೋಸಿ ಒಣಗಿಸಿ ಪುಡಿ ಮಾಡುತ್ತಾರೆ. ಹಾಲಿನ ಪ್ರೋಟೀನ್‌ನಲ್ಲಿ 20 ಭಾಗ ವೇ, 80 ಭಾಗ ಕೇಸಿನ್. ವೇ ಪುಡಿಯಲ್ಲಿ ಕಾನ್ಸಂಟ್ರೇಟ್ ಅನ್ನೋದರಲ್ಲಿ ಸಾಮಾನ್ಯವಾಗಿ ನೂರಕ್ಕೆ 70ರಿಂದ 80 ಪ್ರೋಟೀನ್, ಸ್ವಲ್ಪ ಲ್ಯಾಕ್ಟೋಸ್ ಅಂದರೆ ಹಾಲಿನ ಸಕ್ಕರೆ ಇರುತ್ತದೆ. ಐಸೊಲೇಟ್‌ನಲ್ಲಿ 90 ಆಸುಪಾಸು, ಬೆಲೆಯೂ ಜಾಸ್ತಿ. ಹಾಲು ಕುಡಿದರೆ ಹೊಟ್ಟೆ ಉಬ್ಬರಿಸುವವರು ಐಸೊಲೇಟ್ ನೋಡಿ. ಮಾಸ್ ಗೇನರ್ ಅಂತ ದೊಡ್ಡ ಡಬ್ಬಿಯಲ್ಲಿ ಬರುವುದು ಬಹುತೇಕ ಪಿಷ್ಟ ಮತ್ತು ಸಕ್ಕರೆ ಜಾತಿಯದ್ದು, ಅದರ ಬದಲು ಎರಡು ಬಾಳೆಹಣ್ಣು ಮತ್ತು ಹಾಲು ತೆಗೆದುಕೊಳ್ಳಿ.

ಕೊಳ್ಳುವಾಗ ಡಬ್ಬಿಯ ಮುಂದಿನ ಚಿತ್ರ ನೋಡಬೇಡಿ, ತಿರುಗಿಸಿ ಹಿಂದೆ ಓದಿ. ಆಹಾರ ಸುರಕ್ಷತೆ ನೋಡಿಕೊಳ್ಳುವ ಕೇಂದ್ರದ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐಯ 14 ಅಂಕಿಯ ಲೈಸೆನ್ಸ್ ಸಂಖ್ಯೆ ಇರಬೇಕು. ಆಮದಾದ ಮಾಲಾದರೆ ಆಮದು ಮಾಡಿದವರ ಹೆಸರು ವಿಳಾಸ ಇರಬೇಕು. ಪದಾರ್ಥಗಳ ಪಟ್ಟಿಯಲ್ಲಿ ಮೊದಲು ಬರುವುದೇ ಹೆಚ್ಚು ಇರುವುದು, ಅಲ್ಲಿ ವೇ ಇರಲಿ. ಗ್ಲೈಸಿನ್, ಟಾರಿನ್ ಅಂತ ಬಿಡಿ ಅಮೈನೋ ಆಮ್ಲಗಳ ಹೆಸರು ಕಂಡರೆ ಅನುಮಾನ ಪಡಿ. ಅಗ್ಗದ ಇವನ್ನು ಸೇರಿಸಿ ಪರೀಕ್ಷೆಯಲ್ಲಿ ಪ್ರೋಟೀನ್ ಜಾಸ್ತಿ ತೋರುವಂತೆ ಮಾಡುವುದುಂಟು. ಇದು ಬರೀ ಅನುಮಾನದ ಮಾತಲ್ಲ. 2024ರಲ್ಲಿ ಮೆಡಿಸಿನ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದು ಭಾರತದಲ್ಲಿ ಮಾರುವ 36 ಪುಡಿಗಳನ್ನು ಪರೀಕ್ಷಿಸಿತು. ನೂರಕ್ಕೆ 70ರಷ್ಟರಲ್ಲಿ ಪ್ರೋಟೀನ್ ಬಗ್ಗೆ ಬರೆದ ಮಾಹಿತಿ ಸರಿ ಇರಲಿಲ್ಲ, 14ರಷ್ಟರಲ್ಲಿ ಬೂಷ್ಟಿನಿಂದ ಬರುವ ಅಫ್ಲಾಟಾಕ್ಸಿನ್ ವಿಷ ಸಿಕ್ಕಿತು. ಹಾಗಾಗಿ ಪ್ರತಿ ಬ್ಯಾಚಿನ ಲ್ಯಾಬ್ ವರದಿಯನ್ನು ಎಲ್ಲರಿಗೂ ಕಾಣುವಂತೆ ಹಾಕುವ ಕಂಪನಿಯದ್ದನ್ನೇ ನೋಡಿ. ಗಿಡಮೂಲಿಕೆ ಬೆರೆಸಿದ ಪುಡಿ ಬೇಡವೇ ಬೇಡ.

ಬೆಲೆಯನ್ನು ಡಬ್ಬಿಗೆ ಇಷ್ಟು ಅಂತ ನೋಡದೆ ಗ್ರಾಂ ಪ್ರೋಟೀನ್‌ಗೆ ಎಷ್ಟು ಅಂತ ನೋಡಿ. ಅಳಿಯ ಕೇಳಿದ ಡಬ್ಬಿಯಲ್ಲಿ 30 ಸ್ಕೂಪ್, ಒಂದಕ್ಕೆ 24 ಗ್ರಾಂ, ಒಟ್ಟು 720. ಗ್ರಾಂಗೆ ಮೂರು ರೂಪಾಯಿ ಮೂವತ್ತು ಪೈಸೆ ಬಿತ್ತು. ಏಳು ರೂಪಾಯಿಯ ಮೊಟ್ಟೆಯಲ್ಲಿ ಒಂದೂ ಕಾಲು ರೂಪಾಯಿ ಒಳಗೆ.

ಕುಡಿಯುವುದು ಕಷ್ಟ ಇಲ್ಲ. ಒಂದು ಸ್ಕೂಪ್, 200 ಮಿ.ಲೀ. ನೀರು, ಚೆನ್ನಾಗಿ ಕುಲುಕಿ. ಕುದಿಯುವ ಕಾಫಿಗೆ ಹಾಕಿದರೆ ಗಂಟು ಕಟ್ಟುತ್ತದೆ. ವ್ಯಾಯಾಮ ಮುಗಿದ ಅರ್ಧ ಗಂಟೆಯೊಳಗೆ ಕುಡಿಯದಿದ್ದರೆ ಎಲ್ಲ ವ್ಯರ್ಥ ಅನ್ನುವುದನ್ನು ನಂಬಬೇಡಿ. ಇಡೀ ದಿನದ ಒಟ್ಟು ಲೆಕ್ಕ ಮುಖ್ಯ, ಅದನ್ನು ಮೂರು ನಾಲ್ಕು ಹೊತ್ತಿಗೆ ಹಂಚಿಕೊಂಡರೆ ಸಾಕು. ನಮ್ಮಲ್ಲಿ ಬೆಳಗಿನ ತಿಂಡಿಗೇ ಪ್ರೋಟೀನ್ ಕಡಿಮೆ, ಅಲ್ಲಿಂದ ಶುರು ಮಾಡಿ.

ಮಳೆಗಾಲದ ಬಗ್ಗೆ ಒಂದು ಎಚ್ಚರಿಕೆ. ನಾಲ್ಕು ವರ್ಷದ ಹಿಂದೆ ನಾನೂ ಒಂದು ಅಂಗಡಿಯಲ್ಲಿ ರಿಯಾಯಿತಿ ಇದೆ ಅಂತ ಎರಡೂವರೆ ಕಿಲೋದ ಡಬ್ಬಿ ತಂದಿದ್ದೆ. ಮುಚ್ಚಳದ ಕೆಳಗಿನ ಸೀಲ್ ಒಂದು ಕಡೆ ಬಿಟ್ಟುಕೊಂಡಿತ್ತು. ನೋಡಿಯೂ ಸುಮ್ಮನಾದೆ. ಜುಲೈ ಹೊತ್ತಿಗೆ ಪುಡಿ ಬೆಲ್ಲದ ಹಾಗೆ ಗಟ್ಟಿಯಾಗಿ, ಚಮಚದಲ್ಲಿ ಕೆರೆದರೆ ಒಳಗಿಂದ ಮುಗ್ಗಲು ವಾಸನೆ. ಅರ್ಧಕ್ಕಿಂತ ಜಾಸ್ತಿ ಚೆಲ್ಲಿದೆ. ನಮ್ಮ ಕಡೆಯ ತೇವಕ್ಕೆ ಅರ್ಧ ಅಥವಾ ಒಂದು ಕಿಲೋಗಿಂತ ದೊಡ್ಡದು ತರಬೇಡಿ. ಸೀಲ್ ಹಾಳಾಗಿದ್ದರೆ ಅಲ್ಲೇ ವಾಪಸ್ ಕೊಡಿ. ಸ್ಕೂಪ್ ಒಣಗಿರಲಿ, ಒಲೆಯ ಪಕ್ಕ ಇಡಬೇಡಿ. ಮುಗ್ಗಲು ವಾಸನೆ ಬಂದರೆ ದುಡ್ಡಿನ ಮುಖ ನೋಡದೆ ಬಿಸಾಡಿ.

ಕಿಡ್ನಿ ತೊಂದರೆ ಇದ್ದವರು, ತುಂಬಾ ವರ್ಷದಿಂದ ಸಕ್ಕರೆ ಕಾಯಿಲೆ ಅಥವಾ ಬಿಪಿ ಇದ್ದವರು ಡಾಕ್ಟರನ್ನು ಕೇಳದೆ ಪುಡಿ ಮುಟ್ಟಬೇಡಿ. ಮೊದಲು ಕಿಡ್ನಿ ಹೇಗೆ ಕೆಲಸ ಮಾಡುತ್ತಿದೆ ಅಂತ ತಿಳಿಸುವ ಕ್ರಿಯಾಟಿನಿನ್ ರಕ್ತ ಪರೀಕ್ಷೆ ಮಾಡಿಸಿ. ಆರೋಗ್ಯವಂತರಿಗೆ ಮೇಲೆ ಹೇಳಿದ ಅಳತೆಯ ಪ್ರೋಟೀನ್‌ನಿಂದ ಕಿಡ್ನಿ ಹಾಳಾಗುತ್ತದೆ ಅನ್ನಲು ಆಧಾರ ಇಲ್ಲ, ಆದರೆ ತಮಗೆ ತೊಂದರೆ ಇದೆ ಅಂತಲೇ ಎಷ್ಟೋ ಜನಕ್ಕೆ ಗೊತ್ತಿರಲ್ಲ.

ಅಳಿಯನ ಪಟ್ಟಿಯಲ್ಲಿ ದಿನಕ್ಕೆ 41 ಗ್ರಾಂ ಬಂತು. ಚಿತ್ರಾನ್ನ, ಉಪ್ಪಿಟ್ಟು, ಮೆಸ್ಸಿನ ಅನ್ನ ಸಾರು. ರೂಮಿಗೆ ಒಂದು ಸಣ್ಣ ಎಲೆಕ್ಟ್ರಿಕ್ ಕುಕ್ಕರ್ ಕೊಡಿಸಿದೆ. ಈಗ ರಾತ್ರಿ ಹೆಸರುಕಾಳೋ ಕಡಲೆಯೋ ನೆನೆಹಾಕಿ ಮಲಗುತ್ತಾನೆ, ಬೆಳಿಗ್ಗೆ ಅದು ಬೇಯುವಾಗ ಮೂರು ಮೊಟ್ಟೆಯನ್ನೂ ತೊಳೆದು ಜೊತೆಗೇ ಹಾಕುತ್ತಾನೆ. ಪರೀಕ್ಷೆ ಸಮಯಕ್ಕೆ ಅಂತ ಅರ್ಧ ಕಿಲೋ ಪುಡಿ ತಂದಿಟ್ಟಿದ್ದಾನೆ, ಅದಕ್ಕೆ ನನ್ನ ತಕರಾರಿಲ್ಲ. ತೋಳು, ಎದೆ, ಸೊಂಟದ ಅಳತೆಯನ್ನು ಟೇಪಿನಲ್ಲಿ ತೆಗೆದು, ಎತ್ತುವ ಭಾರವನ್ನೂ ಅದರ ಪಕ್ಕದಲ್ಲೇ ಬರೆದಿಡಲು ಹೇಳಿದ್ದೇನೆ, ಎಂಟು ವಾರಕ್ಕೊಮ್ಮೆ.