ಖಾಲಿ ಪಾರ್ಕಿಂಗ್ ಜಾಗ: ಮೊದಲು ಎಣಿಸಿ, ಆಮೇಲೆ ಕಟ್ಟಿ

ಸಣ್ಣ ನಗರದ ಅಂಗಡಿ ಸಾಲಿನ ಮುಂದೆ ಅಗಲಕ್ಕೆ ಡಾಂಬರು ಹಾಸಿರುತ್ತದೆ. ಎಷ್ಟೋ ಕಡೆ ಅದರಲ್ಲಿ ಅರ್ಧ ಜಾಗ ಸುಮ್ನೆ ಬಿಸಿಲು ಕಾಯುತ್ತದೆ. ಆದರೂ ಆ ಖಾಲಿ ಜಾಗದಲ್ಲಿ ಮಳಿಗೆಯೋ ಮನೆಯೋ ಕಟ್ಟಲು ಮಾಲೀಕರಿಗೆ ಹೆದರಿಕೆ. ರಶ್ ಇರುವ ದಿನ ಗಿರಾಕಿಗಳು ಗಾಡಿ ಎಲ್ಲಿ ನಿಲ್ಲಿಸಬೇಕು? ನ್ಯಾಯವಾದ ಪ್ರಶ್ನೆಯೇ. ಅದಕ್ಕೇ ನಕ್ಷೆ ಬರೆಸುವ ಮೊದಲು ಎಣಿಸಿ.

ಇದಕ್ಕೆ ಯಂತ್ರ ಬೇಕಿಲ್ಲ. ಜಾಗದ ಚಿತ್ರ ಬರೆದುಕೊಂಡು ಗಂಟೆಗೊಮ್ಮೆ ಸುತ್ತು ಹಾಕಿ, ನಿಂತ ಗಾಡಿಗಳನ್ನು ಗುರುತು ಮಾಡಿ. ಮಾಮೂಲಿ ದಿನ, ವಾರಾಂತ್ಯ, ಜಾಸ್ತಿ ವ್ಯಾಪಾರದ ದಿನ, ಮೂರರ ಲೆಕ್ಕವೂ ಬೇಕು. ಯಾವ ಮೂಲೆ ಯಾವಾಗಲೂ ಖಾಲಿ ಅನ್ನುವುದನ್ನು ಮರೆಯದೆ ಬರೆದಿಡಿ. ಒಂದು ಕಾರಿಗೆ ಸುಮಾರು ಎರಡೂವರೆ ಮೀಟರ್ ಅಗಲ, 5 ಮೀಟರ್ ಉದ್ದ ಸಾಕು. ಆದರೆ ಒಳಗೆ ಓಡಾಡುವ ದಾರಿ ಸೇರಿದರೆ 25ರಿಂದ 30 ಚದರ ಮೀಟರ್ ಹಿಡಿಯುತ್ತದೆ. 40 ಕಾರಿನ ಜಾಗ ಬೇಡವೆಂದು ಗೊತ್ತಾದರೆ ಕನಿಷ್ಠ 1000 ಚದರ ಮೀಟರ್ ನೆಲ ಸಿಕ್ಕಿತು. ಕಡಿಮೆಯೇನಲ್ಲ, ಅಲ್ವಾ?

ಮುಂದೆ ಕಾಗದಪತ್ರ. ಬಾಡಿಗೆ ಕರಾರಿನಲ್ಲಿ ಇಷ್ಟು ಪಾರ್ಕಿಂಗ್ ಕೊಡುತ್ತೇವೆ ಎಂದಿದ್ದರೆ ಬಾಡಿಗೆದಾರರ ಒಪ್ಪಿಗೆ ಬೇಕು. ಇಷ್ಟು ಮಳಿಗೆಗೆ ಇಷ್ಟು ಪಾರ್ಕಿಂಗ್ ಎಂಬ ನಗರದ ನಿಯಮವೂ ಅಡ್ಡ ಬರಬಹುದು. ಕೈಚೆಲ್ಲಬೇಡಿ, ನಿಯಮಗಳೂ ಬದಲಾಗುತ್ತವೆ. ಅಮೆರಿಕದ ಬಫಲೋ ನಗರ 2017ರಲ್ಲಿ ಈ ಕಡ್ಡಾಯವನ್ನೇ ಕೈಬಿಟ್ಟಿತು. ಹಗಲು ತುಂಬುವ ಕಚೇರಿ, ರಾತ್ರಿ ತುಂಬುವ ಹೋಟೆಲ್ ಒಂದೇ ಜಾಗ ಹಂಚಿಕೊಳ್ಳುವಂತೆ ಬರಹದಲ್ಲಿ ಒಪ್ಪಂದ ಮಾಡಿಕೊಂಡರೂ ದಾರಿ ಸಲೀಸು.

ಅಲ್ಲಿ ಹಿಂದೆ ಪೆಟ್ರೋಲ್ ಬಂಕ್ ಅಥವಾ ಗ್ಯಾರೇಜ್ ಇತ್ತಾ ವಿಚಾರಿಸಿ. ಇದ್ದರೆ ನೆಲಕ್ಕೆ ಎಣ್ಣೆ ಇಳಿದಿರಬಹುದು, ಮಣ್ಣು ಪರೀಕ್ಷೆ ಬಿಡಲೇಬೇಡಿ.

ಈಗ ಪ್ರಯೋಗ. ಖಾಲಿ ಮೂಲೆಗೆ ಕಂಬ, ಹಗ್ಗ ಕಟ್ಟಿ ಕೆಲವು ತಿಂಗಳು ಸಂತೆಗೋ ತಿಂಡಿ ಗಾಡಿಗಳಿಗೋ ಕೊಡಿ. ಮತ್ತೆ ಎಣಿಸಿ. ಮಾಲೀಕರ ಹೆದರಿಕೆ ಹೋಗಿಸಲು ಇದಕ್ಕಿಂತ ಒಳ್ಳೆ ಉಪಾಯ ನನಗೆ ಕಾಣುವುದಿಲ್ಲ.

ಕಟ್ಟುವಾಗ ರಸ್ತೆ ಅಂಚಿನಿಂದ ಶುರು ಮಾಡಿ. ಫುಟ್‌ಪಾತಿಗೆ ಬಾಗಿಲು ತೆರೆಯುವ ಸಣ್ಣ ಮಳಿಗೆ, ಮೇಲೆ ಮನೆ, ಹಿಂದೆ ಉಳಿದ ಪಾರ್ಕಿಂಗ್. ಒಂದೇ ಸಲ ದೊಡ್ಡ ಕಟ್ಟಡ ಎಬ್ಬಿಸಿದರೆ ಸಣ್ಣ ಊರಿನಲ್ಲಿ ಅದು ತುಂಬುವುದು ಕಷ್ಟ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಮ್ಯಾಶ್ಪಿ ಎಂಬ ಪುಟ್ಟ ಊರಿನಲ್ಲಿ 1986ರಿಂದ ಹಳೇ ಶಾಪಿಂಗ್ ಸೆಂಟರೊಂದನ್ನು ಹಂತ ಹಂತವಾಗಿಯೇ ನಡೆದಾಡುವ ಪೇಟೆಯಾಗಿ ಬೆಳೆಸಿದರು.

ನೀರನ್ನು ಕೊನೆಗೆ ತಳ್ಳಬೇಡಿ. 4000 ಚದರ ಮೀಟರ್ ಡಾಂಬರಿನ ಮೇಲೆ 25 ಮಿಲಿಮೀಟರ್ ಮಳೆ ಬಿದ್ದರೆ ಒಂದು ಲಕ್ಷ ಲೀಟರ್ ನೀರು, ಹೆಚ್ಚೂಕಡಿಮೆ ಎಲ್ಲವೂ ಚರಂಡಿಗೆ. ಮೊದಲ ಹಂತದಲ್ಲೇ ಒಂದಿಷ್ಟು ಡಾಂಬರು ಕಿತ್ತು, ನೀರು ಇಂಗುವ ತಗ್ಗು ಮಾಡಿ ಗಿಡ ನೆಡಿ. ವರ್ಷಗಟ್ಟಲೆ ತುಳಿಸಿಕೊಂಡ ಮಣ್ಣು ಕಲ್ಲಿನಂತಾಗಿರುತ್ತದೆ. ಬರೀ ಗುಂಡಿ ತೋಡಿದರೆ ಬೇರು ಇಳಿಯುವುದಿಲ್ಲ, ಸುತ್ತಲಿನ ನೆಲವನ್ನೂ ಆಳಕ್ಕೆ ಸಡಿಲ ಮಾಡಿಸಿ.