ಫ್ರಿಜ್ ಬಾಗಿಲಿನ ರಬ್ಬರ್ ಮತ್ತು ನಮ್ಮ ಕರೆಂಟ್ ಬಿಲ್

ಮುಂಬೈ ಹತ್ತಿರದ ನಮ್ಮ ಡೊಂಬಿವಲಿಯ ಮಳೆಗಾಲದಲ್ಲಿ ಕರಿದ ಹಪ್ಪಳ ಊಟಕ್ಕೆ ಕೂರುವ ಮೊದಲೇ ಮೆತ್ತಗಾಗಿರುತ್ತದೆ. ಅದೇ ಗಾಳಿ ಫ್ರಿಜ್ ಒಳಗೂ ಹೋಗುತ್ತದೆ ಅಲ್ವಾ? ಗಾಳಿಯನ್ನು ತಣ್ಣಗೆ ಮಾಡಿದರಷ್ಟೇ ಸಾಲದು, ಅದರಲ್ಲಿರುವ ತೇವವನ್ನು ನೀರು ಮಾಡಿ, ಫ್ರೀಜರಿನಲ್ಲಿ ಐಸ್ ಮಾಡುವವರೆಗೂ ಕಂಪ್ರೆಸರ್ ದುಡಿಯಬೇಕು. ಅದಕ್ಕೇ ನಾನು, ಫ್ರಿಜ್ ಬಾಗಿಲು ಪದೇಪದೇ ತೆಗೆಯುತ್ತೀರಿ ಅಂತ ಮಕ್ಕಳನ್ನು ಬೈಯುವ ಬದಲು, ಮೊದಲು ಬಾಗಿಲಿನ ರಬ್ಬರ್ ನೋಡಿದೆ.

ರಾತ್ರಿ ಅಡುಗೆಮನೆಯ ದೀಪ ಆರಿಸಿ, ಮೊಬೈಲ್ ಟಾರ್ಚ್ ಹಚ್ಚಿ ಫ್ರಿಜ್ ಒಳಗಿಟ್ಟು ಬಾಗಿಲು ಹಾಕಿದೆ. ಕೆಳಗಿನ ಮೂಲೆಯಲ್ಲಿ ಬೆಳಕಿನ ಗೆರೆ ಕಂಡಿತು. ರಬ್ಬರಿನ ಮಡಿಕೆಯಲ್ಲಿ ದೋಸೆ ಹಿಟ್ಟು ಸೋರಿ ಒಣಗಿ ಕಲ್ಲಾಗಿತ್ತು. ಉಗುರುಬೆಚ್ಚಗಿನ ಸೋಪಿನ ನೀರಲ್ಲಿ ಹಳೆ ಬ್ರಷ್ ಅದ್ದಿ ಉಜ್ಜಿದ ಮೇಲೆ ಗೆರೆ ಹೋಯಿತು. ರಬ್ಬರ್ ಬಿರುಕು ಬಿಟ್ಟಿದ್ದರೆ ಅದನ್ನಷ್ಟೇ ಬದಲಿಸಬಹುದು, ಹೊಸ ಫ್ರಿಜ್ ಬೇಕಾಗಿಲ್ಲ.

ಕರೆಂಟ್ ಎಷ್ಟು ಹೋಗುತ್ತಿದೆ ಅಂತ ಮೀಟರಿನಲ್ಲೇ ನೋಡಬಹುದು. ಮೀಟರ್ ಮೇಲೆ 3200 ಅಂತ ಬರೆದಿದ್ದರೆ, ಕೆಂಪು ದೀಪ 3200 ಸಲ ಮಿನುಗಿದರೆ 1 ಯೂನಿಟ್ ಎಂದರ್ಥ. ಮನೆಯಲ್ಲಿ ಫ್ರಿಜ್ ಒಂದನ್ನು ಬಿಟ್ಟು ಎಲ್ಲ ಆಫ್ ಮಾಡಿ, ಕೆಳಗೆ ಮೀಟರ್ ರೂಮಿಗೆ ಹೋಗಿ ನಿಂತೆ. (ವಾಚ್‌ಮನ್ ಸಂಶಯದಿಂದಲೇ ನೋಡಿದರು.) 100 ವ್ಯಾಟ್ ಎಳೆಯುತ್ತಿದ್ದರೆ ಸುಮಾರು 11 ಸೆಕೆಂಡಿಗೊಮ್ಮೆ ಮಿನುಗುತ್ತದೆ. ಕಂಪ್ರೆಸರ್ ನಿಂತಾಗ ದೀಪವೂ ಹೆಚ್ಚುಕಮ್ಮಿ ಸುಮ್ಮನಾಗುತ್ತದೆ. ಎಷ್ಟು ಹೊತ್ತು ಓಡುತ್ತದೆ, ಎಷ್ಟು ಹೊತ್ತು ಸುಮ್ಮನಿರುತ್ತದೆ, ಇದನ್ನೇ ಗಮನಿಸಬೇಕು.

ಸಾರನ್ನು ಬಿಸಿಬಿಸಿ ಇಡುವುದಿಲ್ಲ. ಪಾತ್ರೆಯನ್ನು ನೀರಿನ ತಟ್ಟೆಯಲ್ಲಿಟ್ಟು ಆರಿಸಿ, ಮುಚ್ಚಳ ಹಾಕಿಯೇ ಒಳಗಿಡುತ್ತೇವೆ. ಮುಚ್ಚದಿದ್ದರೆ ಅದರ ಹಬೆಯೂ ಕಂಪ್ರೆಸರಿಗೇ ಕೆಲಸ. ಆದರೆ ಎರಡು ಗಂಟೆಗಿಂತ ಜಾಸ್ತಿ ಹೊರಗೆ ಬಿಡಬೇಡಿ, ಈ ಸೆಕೆಗೆ ಹಳಸುತ್ತದೆ.

ಒಳಗಿನ ತಿರುಗಣೆಯ ಮೇಲಿನ ಅಂಕಿ ಡಿಗ್ರಿ ಅಲ್ಲ. ಸಾಮಾನ್ಯವಾಗಿ ಅಂಕಿ ದೊಡ್ಡದಾದಷ್ಟೂ ತಂಪು ಜಾಸ್ತಿ. ಒಂದು ಲೋಟ ನೀರಲ್ಲಿ ಥರ್ಮಾಮೀಟರ್ ಇಟ್ಟು ರಾತ್ರಿ ಬಿಟ್ಟರೆ ಬೆಳಿಗ್ಗೆ 3ರಿಂದ 5 ಡಿಗ್ರಿ ತೋರಿಸಬೇಕು. ಜ್ವರ ನೋಡುವ ಥರ್ಮಾಮೀಟರ್ ಇದಕ್ಕೆ ಆಗುವುದಿಲ್ಲ.

ನಮ್ಮದು ಒಂದೇ ಬಾಗಿಲಿನ ಹಳೆ ಫ್ರಿಜ್. ಫ್ರೀಜರಿನಲ್ಲಿ ಐಸ್ ಅರ್ಧ ಸೆಂಟಿಮೀಟರ್ ಕಟ್ಟಿದರೆ ಡಿಫ್ರಾಸ್ಟ್ ಬಟನ್ ಒತ್ತುತ್ತೇನೆ. ಚಾಕುವಿನಿಂದ ಕೆರೆಯಲು ಹೋಗಬೇಡಿ, ಪೈಪ್ ತೂತಾದರೆ ಗ್ಯಾಸ್ ಹೋಯಿತು. ಹಿಂದಿನ ಜಾಲರಿಯ ಮೇಲೆ ಒಗ್ಗರಣೆ ಜಿಡ್ಡು, ಧೂಳು ಸೇರಿ ಅಂಟಿರುತ್ತದೆ. ಪ್ಲಗ್ ಕಿತ್ತು ಬ್ರಷ್‌ನಿಂದ ತೆಗೆಯಬೇಕು. ಹೊಸ ಮಾಡೆಲ್‌ಗಳಲ್ಲಿ ಜಾಲರಿ ಕಾಣುವುದಿಲ್ಲ, ಪಕ್ಕದ ಗೋಡೆಯೇ ಬಿಸಿಯಾಗುತ್ತದೆ. ಅಂಥದ್ದಕ್ಕೆ ಅಕ್ಕಪಕ್ಕ ಜಾಗ ಬಿಡಿ.

ಉಳಿಯುವುದು ಕೆಲವೇ ಯೂನಿಟ್ ಅಂತ ಅನಿಸಬಹುದು. ಆದರೆ ಇಲ್ಲಿ 100 ದಾಟಿದರೆ ಒಂದು ದರ, 300 ದಾಟಿದರೆ ಇನ್ನೂ ಜಾಸ್ತಿ. ಉಳಿಸಿದ ಯೂನಿಟ್ ಮೇಲಿನ, ದುಬಾರಿ ದರದಿಂದಲೇ ಕಳೆಯುತ್ತದೆ.